ಹಳೆ ಡೀಸೆಲ್ ಗಾಡಿಗೆ ಹೊಂಗೆ ಎಣ್ಣೆ: ಓಡುತ್ತದೆ, ಆದರೆ ಎಷ್ಟು ದಿನ?

ಹಳೆ ಡೀಸೆಲ್ ಗಾಡಿಗೆ ಅಡುಗೆ ಎಣ್ಣೆ ಹಾಕಿದರೆ ಓಡುತ್ತದೆಯೇ? ಓಡುತ್ತದೆ. ಇದರಲ್ಲಿ ಸುಳ್ಳೂ ಇಲ್ಲ, ಪವಾಡವೂ ಇಲ್ಲ. ಟ್ಯಾಂಕಿಗೆ ಎರಡು ಲೀಟರ್ ಸೂರ್ಯಕಾಂತಿ ಎಣ್ಣೆ ಸುರಿದು, ಸ್ಟಾರ್ಟ್ ಮಾಡಿ, ವಿಡಿಯೊ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಆ ವಿಡಿಯೊಗಳು ನಿಜವೇ. ಆದರೆ ಆರು ತಿಂಗಳಾದ ಮೇಲೆ ಅದೇ ಗಾಡಿಯ ನಾಜಲ್, ಅಂದರೆ ಎಂಜಿನ್ ಒಳಗೆ ಇಂಧನ ಸಿಂಪಡಿಸುವ ಮೂತಿ, ಬಿಚ್ಚಿ ತೋರಿಸಿದ ವಿಡಿಯೊ ಎಷ್ಟು ನೋಡಿದ್ದೀರಿ? ನಾನು ಇವತ್ತು ಮಾತಾಡುವುದು ಆ ಆರು ತಿಂಗಳ ಬಗ್ಗೆ.

ಇದೇನು ಹೊಸ ವಿಷಯ ಅಲ್ಲ. 1973ರಲ್ಲಿ ಒಮ್ಮೆ, 1979ರಲ್ಲಿ ಇನ್ನೊಮ್ಮೆ ಕಚ್ಚಾ ತೈಲದ ಬೆಲೆ ಜಿಗಿಯಿತು. ಆಗ ಅಮೆರಿಕ, ದಕ್ಷಿಣ ಆಫ್ರಿಕಾ, ಆಸ್ಟ್ರಿಯಾದಲ್ಲೆಲ್ಲ ಟ್ರ್ಯಾಕ್ಟರ್ ಎಂಜಿನ್‌ಗಳಿಗೆ ಎಣ್ಣೆ ಹಾಕಿ ಪರೀಕ್ಷೆ ಮಾಡಿದರು. 1982ರಲ್ಲಿ ಅಮೆರಿಕದ ಫಾರ್ಗೊ ಎಂಬ ಊರಿನಲ್ಲಿ ಈ ವಿಷಯಕ್ಕಾಗಿಯೇ ಒಂದು ಸಮ್ಮೇಳನ ನಡೆಯಿತು. ಅಷ್ಟೂ ಜನ ಕಂಡುಕೊಂಡದ್ದು ಹೆಚ್ಚುಕಡಿಮೆ ಒಂದೇ. ಮೊದಲ ಕೆಲವು ಗಂಟೆ ಎಂಜಿನ್ ಚೆನ್ನಾಗಿ ಓಡುತ್ತದೆ. ಶಕ್ತಿಯೂ ಸುಮಾರಾಗಿ ಡೀಸೆಲ್‌ನಷ್ಟೇ ಬರುತ್ತದೆ. ಗಂಟೆಗಳು ನೂರರ ಲೆಕ್ಕಕ್ಕೆ ಹೋದಾಗ ನಾಜಲ್ ತುದಿಯಲ್ಲಿ ಮಸಿ ಗಟ್ಟಿಯಾಗುತ್ತದೆ. ಪಿಸ್ಟನ್ ರಿಂಗ್ ತಾನು ಕೂರುವ ತೋಡಿನಲ್ಲೇ ಅಂಟಿಕೊಳ್ಳುತ್ತದೆ. ಎಂಜಿನ್ ಆಯಿಲ್ ಗಸಿಯಾಗುತ್ತದೆ.

ಇದಕ್ಕೆಲ್ಲ ಮೂಲ ಒಂದೇ: ಎಣ್ಣೆ ದಪ್ಪ. ಎಷ್ಟು ದಪ್ಪ ಅಂತ ಲೆಕ್ಕದಲ್ಲಿ ಹೇಳುತ್ತೇನೆ. 40 ಡಿಗ್ರಿ ಬಿಸಿಯಲ್ಲಿ ಅಳೆದರೆ ಡೀಸೆಲ್‌ನ ಸ್ನಿಗ್ಧತೆ 2ರಿಂದ 4.5 ಸೆಂಟಿಸ್ಟೋಕ್. ಸೂರ್ಯಕಾಂತಿ, ಕಡಲೆಕಾಯಿ, ಹೊಂಗೆ ಎಣ್ಣೆಗಳದ್ದು 30ರಿಂದ 40ರ ಆಸುಪಾಸು. ಹತ್ತು ಪಟ್ಟು ಅಂತಲೇ ಇಟ್ಟುಕೊಳ್ಳಿ. ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರ್‌ಗೆ ನೀರಿನ ಬದಲು ಬೆಲ್ಲದ ಪಾಕ ತುಂಬಿದರೆ ಏನಾಗುತ್ತದೆ? ಮಂಜಿನ ಹಾಗೆ ಬರುವುದಿಲ್ಲ, ದಾರದ ಹಾಗೆ ಚಿಮ್ಮುತ್ತದೆ. ನಾಜಲ್‌ನಲ್ಲಿ ಆಗುವುದೂ ಅದೇ. ದಪ್ಪ ಹನಿ ಪೂರ್ತಿ ಉರಿಯುವಷ್ಟು ಸಮಯ ಸಿಲಿಂಡರ್ ಒಳಗೆ ಇರುವುದಿಲ್ಲ. ಅರ್ಧ ಉರಿದದ್ದು ಮಸಿಯಾಗಿ ಕೂರುತ್ತದೆ. ಉರಿಯದೆ ಉಳಿದದ್ದು ಗೋಡೆಗೆ ತಾಗಿ, ರಿಂಗ್ ಪಕ್ಕದಿಂದ ಜಾರಿ ಕೆಳಗಿನ ಎಂಜಿನ್ ಆಯಿಲ್ ಸೇರುತ್ತದೆ.

ಅಲ್ಲಿ ಸೇರಿದ ಮೇಲೆ ಇನ್ನೊಂದು ತೊಂದರೆ. ಡೀಸೆಲ್ ಆಯಿಲ್‌ಗೆ ಸೇರಿದರೆ ಬಿಸಿಗೆ ಸ್ವಲ್ಪ ಸ್ವಲ್ಪವಾಗಿ ಆವಿಯಾಗಿ ಹೋಗುತ್ತದೆ. ಅಡುಗೆ ಎಣ್ಣೆ ಆವಿಯಾಗುವುದಿಲ್ಲ, ಅಲ್ಲೇ ಕೂತು ಗಟ್ಟಿಯಾಗುತ್ತದೆ. ಅಗಸೆ ಎಣ್ಣೆಯನ್ನು ಮರದ ಬಾಗಿಲಿಗೆ ಹಚ್ಚುತ್ತಾರಲ್ಲ, ಯಾಕೆ? ಗಾಳಿ ತಾಗಿ ಒಣಗಿ ಪದರ ಕಟ್ಟುತ್ತದೆ ಅಂತ. ಬಾಗಿಲಿಗೆ ಅದು ಒಳ್ಳೆಯ ಗುಣ, ಎಂಜಿನ್‌ಗೆ ಕೆಟ್ಟದ್ದು. ಈ ಒಣಗುವ ಗುಣ ಅಗಸೆಯಲ್ಲಿ ತುಂಬಾ ಜಾಸ್ತಿ, ಸೂರ್ಯಕಾಂತಿಯಲ್ಲಿ ಮಧ್ಯಮ, ಹೊಂಗೆಯಲ್ಲಿ ಕಡಿಮೆ, ತಾಳೆ ಮತ್ತು ತೆಂಗಿನ ಎಣ್ಣೆಯಲ್ಲಿ ಇನ್ನೂ ಕಡಿಮೆ. ಆದ್ದರಿಂದ 'ಎಣ್ಣೆ ಅಂದರೆ ಎಣ್ಣೆ, ಯಾವುದಾದರೇನು' ಅನ್ನುವವರ ಮಾತು ಕೇಳಬೇಡಿ.

ಇಲ್ಲಿ ಒಂದು ಕತೆಯನ್ನು ಸರಿ ಮಾಡಿಬಿಡುತ್ತೇನೆ. ರುಡಾಲ್ಫ್ ಡೀಸೆಲ್ ತನ್ನ ಎಂಜಿನನ್ನು ಕಡಲೆಕಾಯಿ ಎಣ್ಣೆಗಾಗಿಯೇ ಮಾಡಿದ್ದ, ಆಮೇಲೆ ತೈಲ ಕಂಪನಿಗಳು ಅದನ್ನು ಕಿತ್ತುಕೊಂಡವು ಅಂತ ಎಲ್ಲರೂ ಹೇಳುತ್ತಾರೆ. ಹಾಗಲ್ಲ. ಅವನು ಮೊದಮೊದಲು ಕಲ್ಲಿದ್ದಲಿನ ಪುಡಿಯನ್ನೂ ಯೋಚಿಸಿದ್ದ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಸರಿಯಾಗಿ ಓಡಿದ ಎಂಜಿನ್ ಖನಿಜ ತೈಲದಲ್ಲೇ ಓಡಿತ್ತು. ಕಡಲೆಕಾಯಿ ಎಣ್ಣೆ ಬಂದದ್ದು 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ. ಅಲ್ಲಿ ಒಟ್ಟೊ ಕಂಪನಿಯವರು ಒಂದು ಸಣ್ಣ ಡೀಸೆಲ್ ಎಂಜಿನನ್ನು ಆ ಎಣ್ಣೆಯಲ್ಲಿ ಓಡಿಸಿ ತೋರಿಸಿದರು. ಹಾಗೆ ಮಾಡಿ ಅಂತ ಕೇಳಿದ್ದು ಫ್ರೆಂಚ್ ಸರ್ಕಾರ. ಆಫ್ರಿಕಾದ ತನ್ನ ವಸಾಹತುಗಳಲ್ಲಿ ಕಡಲೆಕಾಯಿ ಹೇರಳವಾಗಿ ಬೆಳೆಯುತ್ತಿತ್ತು, ಅಲ್ಲಿಗೆ ಕಲ್ಲಿದ್ದಲು ಸಾಗಿಸುವ ಖರ್ಚು ಉಳಿಯುತ್ತದಲ್ಲ ಅನ್ನುವ ಲೆಕ್ಕ ಅವರದ್ದು. ಎಂಜಿನ್ ಎಷ್ಟು ಸಲೀಸಾಗಿ ಓಡಿತೆಂದರೆ ಒಳಗಿರುವುದು ಕಡಲೆಕಾಯಿ ಎಣ್ಣೆ ಅಂತ ಬಂದ ಜನರಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗಲಿಲ್ಲ. ಇದನ್ನು ಡೀಸೆಲ್ ತಾನೇ ಆಮೇಲೆ, 1912ರಲ್ಲಿ ಬರೆದಿದ್ದಾನೆ. ನೋಡಿ, ಅದೂ ವಸ್ತುಪ್ರದರ್ಶನದ ಓಟವೇ. ಅಲ್ಲೂ ಯಾರೂ ಆರು ತಿಂಗಳು ಕಾಯಲಿಲ್ಲ.

ಸರಿ, ಎಣ್ಣೆ ದಪ್ಪ. ಏನು ಮಾಡಬೇಕು? ದಾರಿ ಎರಡೇ. ಒಂದೋ ಗಾಡಿಯನ್ನು ಎಣ್ಣೆಗೆ ತಕ್ಕ ಹಾಗೆ ಬದಲಾಯಿಸಬೇಕು, ಇಲ್ಲವೇ ಎಣ್ಣೆಯನ್ನು ಗಾಡಿಗೆ ತಕ್ಕ ಹಾಗೆ ಬದಲಾಯಿಸಬೇಕು.

ಗಾಡಿ ಬದಲಾಯಿಸುವುದು ಅಂದರೆ ಎರಡು ಟ್ಯಾಂಕ್ ಇಡುವುದು. ಒಂದರಲ್ಲಿ ಡೀಸೆಲ್, ಇನ್ನೊಂದರಲ್ಲಿ ಸೋಸಿದ ಎಣ್ಣೆ. ಬೆಳಗ್ಗೆ ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡುತ್ತೀರಿ. ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್‌ನ ಬಿಸಿನೀರು ಎಣ್ಣೆಯ ಪೈಪ್ ಪಕ್ಕದಲ್ಲಿ ಹರಿದು ಅದನ್ನು 70, 80 ಡಿಗ್ರಿಗೆ ತರುತ್ತದೆ. ಅಷ್ಟು ಬಿಸಿಗೆ ಎಣ್ಣೆ ಸಾಕಷ್ಟು ತೆಳ್ಳಗಾಗುತ್ತದೆ. ಆಗ ಸ್ವಿಚ್ ಒತ್ತಿ ಎಣ್ಣೆಗೆ ಬದಲಾಗುವುದು. ಗಾಡಿ ನಿಲ್ಲಿಸುವ ಕೆಲವು ನಿಮಿಷ ಮೊದಲು ಮತ್ತೆ ಡೀಸೆಲ್‌ಗೆ ಬಂದು ಪಂಪ್, ಪೈಪ್, ನಾಜಲ್‌ನಲ್ಲಿರುವ ಎಣ್ಣೆ ಪೂರ್ತಿ ತೊಳೆದು ಹೋಗುವಂತೆ ಮಾಡಬೇಕು. ಜರ್ಮನಿಯಲ್ಲಿ, ಅಮೆರಿಕದಲ್ಲಿ ಸಾವಿರಾರು ಜನ ಹೀಗೆ ಓಡಿಸಿದ್ದಾರೆ. ಹಳೆಯ ಮರ್ಸಿಡಿಸ್ 123 ಸರಣಿಯ ಕಾರುಗಳು, ಅದರಲ್ಲೂ ಐದು ಸಿಲಿಂಡರಿನ 300ಡಿ, ಈ ಕೆಲಸಕ್ಕೆ ಹೆಸರುವಾಸಿ.

ಹೆದ್ದಾರಿಯಲ್ಲಿ ದಿನಾ ನೂರಾರು ಕಿಲೋಮೀಟರ್ ಒಂದೇ ಸಮ ಓಡಿಸುವವನಿಗೆ ಇದು ಸರಿ. ನಮ್ಮ ಬೆಂಗಳೂರಿನಲ್ಲಿ? ಜಯನಗರದಿಂದ ಹೊರಟು ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಅರ್ಧ ಹೊತ್ತು ಗಾಡಿ ನಿಂತೇ ಇರುತ್ತದೆ. ಎಣ್ಣೆ ಬಿಸಿಯಾಗುವ ಹೊತ್ತಿಗೆ ಆಫೀಸು ಬಂದಿರುತ್ತದೆ. ಐಡ್ಲಿಂಗ್‌ನಲ್ಲಿ ಸಿಲಿಂಡರ್ ತಣ್ಣಗಿರುತ್ತದೆ. ಮಸಿ ಕೂರುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇಲ್ಲ. ಮನೆಯಿಂದ ಮಕ್ಕಳ ಶಾಲೆಗೆ, ಶಾಲೆಯಿಂದ ತರಕಾರಿ ಅಂಗಡಿಗೆ ಓಡುವ ಗಾಡಿಗೆ ಹಸಿ ಎಣ್ಣೆ, ಅಂದರೆ ಏನೂ ಬದಲಾಯಿಸದ ಎಣ್ಣೆ, ಹಾಕಲೇಬೇಡಿ ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ಹಸಿ ಎಣ್ಣೆ ಚೆನ್ನಾಗಿ ನಡೆದದ್ದು ಎಲ್ಲಿ ಗೊತ್ತಾ? ನಮ್ಮಲ್ಲೇ, ಹಳ್ಳಿಯಲ್ಲಿ, ಆದರೆ ಕಾರಿನಲ್ಲಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಆಗಿದ್ದ ಉಡುಪಿ ಶ್ರೀನಿವಾಸ ಅವರು ಸೂತ್ರ ಎಂಬ ಯೋಜನೆ ಶುರು ಮಾಡಿದರು. ಕಗ್ಗನಹಳ್ಳಿಯಂಥ ಊರುಗಳಲ್ಲಿ ಡೀಸೆಲ್ ಜನರೇಟರ್‌ಗಳನ್ನು ಹೊಂಗೆ ಎಣ್ಣೆಯಲ್ಲೇ ಓಡಿಸಿ, ಆ ಕರೆಂಟಿನಿಂದ ಬೋರ್‌ವೆಲ್ ನೀರೆತ್ತಿ, ರೈತರಿಗೆ ಕೊಟ್ಟರು. ಹೊಂಗೆ ಬೀಜ ಕೊಟ್ಟವರಿಗೆ ನೀರು. ನಮ್ಮ ಅಜ್ಜಿಯರ ಕಾಲದಲ್ಲಿ ಹೊಂಗೆ ಎಣ್ಣೆ ದೀಪಕ್ಕೆ ಹೋಗುತ್ತಿತ್ತು, ಹಿಂಡಿ ಗದ್ದೆಗೆ ಗೊಬ್ಬರವಾಗುತ್ತಿತ್ತು. ಸೀಮೆಎಣ್ಣೆ ಬಂದ ಮೇಲೆ ಬೀಜ ಮರದಡಿಯಲ್ಲೇ ಕೊಳೆಯಿತು. ಅದನ್ನು ಮತ್ತೆ ಆರಿಸುವಂತೆ ಮಾಡಿದ್ದು ಈ ಯೋಜನೆಯ ದೊಡ್ಡ ಕೆಲಸ ಅಂತ ನನಗನ್ನಿಸುತ್ತದೆ.

ಜನರೇಟರ್‌ನಲ್ಲಿ ಯಾಕೆ ನಡೆಯಿತು, ಕಾರಿನಲ್ಲಿ ಯಾಕೆ ಕಷ್ಟ? ಜನರೇಟರ್ ಒಂದೇ ವೇಗದಲ್ಲಿ, ಒಂದೇ ಭಾರದಲ್ಲಿ, ಗಂಟೆಗಟ್ಟಲೆ ಬಿಸಿಯಾಗಿ ಓಡುತ್ತದೆ. ಪಕ್ಕದಲ್ಲೇ ನೋಡಿಕೊಳ್ಳುವವನು ಇರುತ್ತಾನೆ, ವಾರಕ್ಕೊಮ್ಮೆ ನಾಜಲ್ ಬಿಚ್ಚಿ ಒರೆಸಿದರೂ ಯಾರ ಕೆಲಸವೂ ಕೆಡುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ ತೋಟದಲ್ಲಿ ಹಳೆ ಕಿರ್ಲೋಸ್ಕರ್ ಪಂಪ್‌ಸೆಟ್ ಇದ್ದರೆ, ಹೊಂಗೆ ಮರಗಳೂ ಇದ್ದರೆ, ಕಾರಿನ ಆಸೆ ಬಿಟ್ಟು ಅಲ್ಲಿಂದ ಶುರು ಮಾಡಿ.

ಒಂದು ಮಾತು ಹೊಂಗೆ ಬಗ್ಗೆ. ಬೀಜದಲ್ಲಿ ಸುಮಾರು ಮೂರರಲ್ಲೊಂದು ಪಾಲು ಎಣ್ಣೆ ಇರುತ್ತದೆ. ಗಾಣದಲ್ಲಿ ಅಷ್ಟೂ ಬರುವುದಿಲ್ಲ. ನಾಲ್ಕು ಕೆಜಿ ಬೀಜಕ್ಕೆ ಒಂದು ಕೆಜಿ ಎಣ್ಣೆ ಅಂತ ಇಟ್ಟುಕೊಂಡರೆ ಲೆಕ್ಕ ತಪ್ಪುವುದಿಲ್ಲ. ಹಿಂಡಿ ಒಳ್ಳೆ ಗೊಬ್ಬರ, ಆದರೆ ಕಹಿ ಮತ್ತು ವಿಷದ ಅಂಶ ಇರುವುದರಿಂದ ದನಕ್ಕೆ ಹಾಕುವಂತಿಲ್ಲ. ನಮ್ಮ ರಾಜ್ಯ 2009ರಲ್ಲಿ ಜೈವಿಕ ಇಂಧನ ನೀತಿ ತಂದಿತು, ಹಾಸನದ ಹತ್ತಿರ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಬಂತು, ಬರಡು ಬಂಗಾರ, ಹಸಿರು ಹೊನ್ನು ಅಂತ ಗಿಡ ನೆಡುವ ಕಾರ್ಯಕ್ರಮಗಳು ಬಂದವು. ದೇಶದ ಬೇರೆ ಕಡೆಯೆಲ್ಲ ಜಟ್ರೋಫ ಅಂತ ಕುಣಿಯುತ್ತಿದ್ದಾಗ ಇಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಅಂತ ಹಲವು ಮರಗಳನ್ನು ಇಟ್ಟುಕೊಂಡರು. ಅದು ಜಾಣತನ. ಜಟ್ರೋಫ ಬರಡು ನೆಲದಲ್ಲಿ ಬದುಕುತ್ತದೆ, ಆದರೆ ಬರಡು ನೆಲದಲ್ಲಿ ಕಾಯಿ ಬಿಡುವುದಿಲ್ಲ. ಇದನ್ನು ನೆಟ್ಟ ರೈತರು ದುಡ್ಡು ಕಳೆದುಕೊಂಡು ಕಲಿತರು.

ಈಗ ಎರಡನೇ ದಾರಿ, ಎಣ್ಣೆಯನ್ನೇ ಬದಲಾಯಿಸುವುದು. ಬಯೋಡೀಸೆಲ್ ಅಂದರೆ ಇದೇ. ಎಣ್ಣೆಯ ಒಂದು ಕಣವನ್ನು ನೋಡಿದರೆ, ಒಂದು ಗ್ಲಿಸರಿನ್‌ಗೆ ಮೂರು ಉದ್ದನೆಯ ಕೊಬ್ಬಿನ ಆಮ್ಲದ ಎಳೆಗಳು ಅಂಟಿಕೊಂಡಿರುತ್ತವೆ. ಹಾಗಾಗಿ ಅದು ಭಾರ, ದಪ್ಪ. ಮೆಥನಾಲ್ ಜೊತೆ ಸ್ವಲ್ಪ ಕಾಸ್ಟಿಕ್ ಸೋಡ ಹಾಕಿ ಬಿಸಿಯಲ್ಲಿ ಕಲಕಿದರೆ ಆ ಮೂರು ಎಳೆಗಳು ಗ್ಲಿಸರಿನ್ ಬಿಟ್ಟು ಬಂದು, ಒಂದೊಂದು ಮೆಥನಾಲ್ ಹಿಡಿದುಕೊಳ್ಳುತ್ತವೆ. ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ. ಮೇಲೆ ನಿಂತದ್ದು ಬಯೋಡೀಸೆಲ್. ಅದರ ಸ್ನಿಗ್ಧತೆ ಎಷ್ಟು? 4ರಿಂದ 6ರ ಒಳಗೆ. 40 ಇದ್ದದ್ದು 5ಕ್ಕೆ ಬಂತು. ಬೆಲ್ಜಿಯಂನ ಶವಾನ್ ಎಂಬ ವಿಜ್ಞಾನಿ 1937ರಲ್ಲೇ ಇದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದ. ಅವನು ಬಳಸಿದ್ದು ಕಾಂಗೋದಿಂದ ಬರುತ್ತಿದ್ದ ತಾಳೆ ಎಣ್ಣೆ. ಮರುವರ್ಷ ಬ್ರಸೆಲ್ಸ್‌ನಿಂದ ಲೂವೆನ್‌ಗೆ ಒಂದು ಬಸ್ಸು ಅದರಲ್ಲಿ ಓಡಿತು.

ಒಂದು ಲೀಟರ್ ಹೊಸ ಎಣ್ಣೆಗೆ ಸುಮಾರು 200 ಮಿಲಿ ಮೆಥನಾಲ್, 3.5 ಗ್ರಾಂ ಕಾಸ್ಟಿಕ್ ಸೋಡ, 55 ಡಿಗ್ರಿ ಬಿಸಿ. ಮೆಥನಾಲ್ 65 ಡಿಗ್ರಿಗೆ ಕುದಿಯುತ್ತದೆ, ಹಾಗಾಗಿ ಅದರ ಕೆಳಗೇ ಇರಬೇಕು. ಕರಿದ ಎಣ್ಣೆಯಾದರೆ ಲೆಕ್ಕ ಬೇರೆ. ಬೋಂಡ, ಬಜ್ಜಿ ಕರಿದು ಕರಿದು ಎಣ್ಣೆಯಲ್ಲಿ ಆಮ್ಲ ಬಿಡಿಬಿಡಿಯಾಗಿ ಓಡಾಡುತ್ತಿರುತ್ತದೆ. ಅದು ಕಾಸ್ಟಿಕ್ ಸೋಡದ ಒಂದು ಪಾಲನ್ನು ತಿಂದುಹಾಕುತ್ತದೆ. ಎಷ್ಟು ತಿನ್ನುತ್ತದೆ ಅಂತ ಮೊದಲು ತಿಳಿಯಬೇಕು. ಇದಕ್ಕೆ ಲ್ಯಾಬ್‌ಗಳಲ್ಲಿ ಬಣ್ಣ ಬದಲಿಸಿ ತೋರಿಸುವ ಫೀನಾಲ್ಫ್ತಲೀನ್ ಹಾಕುತ್ತಾರೆ. ನಮ್ಮ ಮನೆಯಲ್ಲಿ ಅರಿಶಿನ ಇದೆ. ಆರತಿ ತಟ್ಟೆಯ ನೀರಿಗೆ ಅರಿಶಿನ, ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಅದೇ ವಿದ್ಯೆ. 10 ಮಿಲಿ ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ 1 ಮಿಲಿ ಎಣ್ಣೆ, ಚಿಟಿಕೆ ಅರಿಶಿನ. ಒಂದು ಲೀಟರ್ ನೀರಿಗೆ 1 ಗ್ರಾಂ ಕಾಸ್ಟಿಕ್ ಸೋಡ ಕರಗಿಸಿಟ್ಟುಕೊಂಡು, ಅದನ್ನು ಸಿರಿಂಜಿನಲ್ಲಿ ಹನಿ ಹನಿಯಾಗಿ ಹಾಕುತ್ತಾ ಹೋಗಿ. ಹಳದಿ ಹೋಗಿ ಕೆಂಪು ಬಂದು ನಿಂತಾಗ ಎಷ್ಟು ಮಿಲಿ ಹಾಕಿದಿರೋ, ಲೀಟರ್ ಎಣ್ಣೆಗೆ ಅಷ್ಟು ಗ್ರಾಂ ಹೆಚ್ಚು ಸೋಡ ಬೇಕು. 3 ಮಿಲಿ ಹೋಯಿತು ಅಂದರೆ 3.5ಕ್ಕೆ 3 ಸೇರಿಸಿ 6.5 ಗ್ರಾಂ.

ಹೊಂಗೆ ಎಣ್ಣೆಯಲ್ಲಿ ಈ ಆಮ್ಲ ಬಹಳ ಸಲ ಜಾಸ್ತಿ ಇರುತ್ತದೆ. ಬೀಜ ಮಳೆಗೆ ನೆನೆದಿದ್ದರೆ, ತಿಂಗಳುಗಟ್ಟಲೆ ಚೀಲದಲ್ಲಿ ಕೂತಿದ್ದರೆ ಇನ್ನೂ ಜಾಸ್ತಿ. ಆಗ ಸುಮ್ನೆ ಸೋಡ ಏರಿಸುತ್ತಾ ಹೋದರೆ ಸಿಗುವುದು ಬಯೋಡೀಸೆಲ್ ಅಲ್ಲ, ಸಾಬೂನು. ಮೊದಲು ಗಂಧಕಾಮ್ಲ, ಮೆಥನಾಲ್ ಹಾಕಿ ಆ ಆಮ್ಲವನ್ನು ಪಳಗಿಸಿ, ಆಮೇಲೆ ಸೋಡದ ಹಂತಕ್ಕೆ ಬರಬೇಕು. ಇದು ಮನೆಯ ಹಿತ್ತಲಲ್ಲಿ ಮಾಡುವ ಕೆಲಸ ಅಲ್ಲ.

ಎಣ್ಣೆಯಲ್ಲಿ ನೀರಿದ್ದರೂ ಸಾಬೂನೇ ಆಗುವುದು. ಹೋಟೆಲಿನಿಂದ ತಂದ ಎಣ್ಣೆಯನ್ನು ಮೊದಲು ಬಟ್ಟೆಯಲ್ಲಿ ಸೋಸಿ, ನೂರು ಡಿಗ್ರಿ ದಾಟುವಂತೆ ಕಾಯಿಸಿ, ಚಟಪಟ ಸದ್ದು ನಿಲ್ಲುವ ತನಕ ಇಡಿ. ಆದ ಮೇಲೆ ಒಂದು ರಾತ್ರಿ ತಣಿಯಲಿ. ಅಷ್ಟು ಬಿಸಿ ಎಣ್ಣೆಗೆ ಮೆಥನಾಲ್ ಹಾಕುವ ಧೈರ್ಯ ಮಾಡಬೇಡಿ.

ಮೆಥನಾಲ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಇಲ್ಲಿ ಕೂತಿರುವ ಹಿರಿಯರಿಗೆ ನೆನಪಿರಬಹುದು. ಅದರಲ್ಲಿದ್ದದ್ದು ಈ ಮೆಥನಾಲೇ. ಕುಡಿದರೆ ಮೊದಲು ಕಣ್ಣು ಹೋಗುತ್ತದೆ. ಕುಡಿಯಲೇಬೇಕು ಅಂತಿಲ್ಲ, ಚರ್ಮದಿಂದಲೂ ಇಳಿಯುತ್ತದೆ, ಆವಿಯಿಂದಲೂ ಒಳಗೆ ಹೋಗುತ್ತದೆ. ಅದರ ಬೆಂಕಿ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಸರ್ಕಾರ ಇದನ್ನು ವಿಷದ ಪಟ್ಟಿಯಲ್ಲಿ ಇಟ್ಟಿದೆ, ಡ್ರಮ್‌ಗಟ್ಟಲೆ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಕಾಲೇಜಿನ ಲ್ಯಾಬ್‌ನಲ್ಲಿ ಗಾಳಿಯಾಡುವ ಕಡೆ, ಕೈಗವಸು, ಕನ್ನಡಕ ಹಾಕಿಕೊಂಡು ಒಂದು ಲೀಟರ್ ಮಾಡಿ ಕಲಿಯಿರಿ. ಅಡುಗೆಮನೆ ಗ್ಯಾಸ್ ಒಲೆ ಮೇಲೆ ಮಾಡುವವರು ಇದ್ದಾರೆ ಅಂತ ಕೇಳಿದಾಗ ನನಗೆ ಭಯವಾಗುತ್ತದೆ.

ಆದದ್ದು ಸರಿಯಾಗಿದೆಯೇ ಅಂತ ನೋಡಲು ಒಂದು ಸುಲಭ ಪರೀಕ್ಷೆ ಇದೆ. 27 ಮಿಲಿ ಮೆಥನಾಲ್‌ಗೆ 3 ಮಿಲಿ ಬಯೋಡೀಸೆಲ್ ಹಾಕಿ ಅಲುಗಾಡಿಸಿ. ಪೂರ್ತಿ ಕರಗಿ ತಿಳಿಯಾದರೆ ಸರಿ. ತಳದಲ್ಲಿ ಎಣ್ಣೆಯ ಹನಿ ಕೂತರೆ ಇನ್ನೂ ಹಸಿ ಎಣ್ಣೆ ಉಳಿದಿದೆ ಅಂತ. ಅಂಗಡಿಯವನು ಬಯೋಡೀಸೆಲ್ ಅಂತ ಮಾರುವುದನ್ನೂ ಹೀಗೇ ನೋಡಬಹುದು. ನೀರಿನಲ್ಲಿ ತೊಳೆದು, ಆ ನೀರು ತಿಳಿಯಾಗುವ ತನಕ ಮತ್ತೆ ತೊಳೆದು, ಒಣಗಿಸಿದ ಮೇಲೇ ಗಾಡಿಗೆ.

ಯಾವ ಗಾಡಿಗೆ? ಇದು ಎಲ್ಲರೂ ಕೇಳುವ ಪ್ರಶ್ನೆ. ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳುತ್ತದೆ. ಇನ್ನೊಂದರಲ್ಲಿ ಮೊದಲು ಹೆಡ್‌ನಲ್ಲಿರುವ ಒಂದು ಸಣ್ಣ ಕೋಣೆಗೆ ಬಿದ್ದು, ಅಲ್ಲಿ ಹೊತ್ತಿಕೊಂಡು, ಆಮೇಲೆ ಸಿಲಿಂಡರ್‌ಗೆ ನುಗ್ಗುತ್ತದೆ. ಆ ಕೋಣೆ ಕೆಂಪಗೆ ಕಾದಿರುತ್ತದೆ, ಗಾಳಿ ಅಲ್ಲಿ ಸುಳಿಯಂತೆ ತಿರುಗುತ್ತದೆ. ಹಾಗಾಗಿ ಇಂಧನ ಸ್ವಲ್ಪ ದಪ್ಪ ಇದ್ದರೂ ಸಹಿಸಿಕೊಳ್ಳುತ್ತದೆ. ಅಂಬಾಸಿಡರ್ ಡೀಸೆಲ್, ಪೂಜೊ ಎಂಜಿನ್ ಇರುವ ಮಹೀಂದ್ರ ಜೀಪ್, ಹಳೆ ಟಾಟಾ ಸುಮೊ, ಮೊದಲ ಕಾಲದ ಇಂಡಿಕಾ, ನಾನು ಆಗಲೇ ಹೇಳಿದ ಮರ್ಸಿಡಿಸ್, ಇವೆಲ್ಲ ಈ ಜಾತಿ. ಎಂಡಿಐ ಜೀಪ್ ನೇರ ಜಾತಿ.

ಪಂಪ್ ಕೂಡ ನೋಡಬೇಕು. ಸಿಲಿಂಡರ್‌ಗೊಂದು ಪ್ಲಂಜರ್ ಸಾಲಾಗಿ ನಿಂತ ಇನ್‌ಲೈನ್ ಪಂಪ್, ಮೆಕ್ಯಾನಿಕ್‌ಗಳು ಮೈಕೋ ಪಂಪ್ ಅನ್ನುತ್ತಾರಲ್ಲ, ಅದು ಗಟ್ಟಿ. ಅದರ ಕ್ಯಾಮ್‌ಗೆ ಎಂಜಿನ್ ಆಯಿಲ್‌ನಿಂದಲೇ ಜಿಡ್ಡು ಸಿಗುತ್ತದೆ. ರೋಟರಿ ಪಂಪ್‌ಗೆ ಒಳಗೆ ಹರಿಯುವ ಇಂಧನವೇ ಜಿಡ್ಡು. ತಣ್ಣನೆಯ ದಪ್ಪ ಎಣ್ಣೆ ಅಲ್ಲಿ ಹೋದರೆ ಶಾಫ್ಟ್ ಮೇಲೆ ಭಾರ ಬಿದ್ದು ಮುರಿದದ್ದೂ ಉಂಟು. ಬಯೋಡೀಸೆಲ್‌ನಲ್ಲಿ ಆ ಭಯ ಇಲ್ಲ. ಹೇಳಬೇಕೆಂದರೆ ಅದು ಪಂಪ್‌ಗೆ ಒಳ್ಳೆಯದೇ. 2020ರ ಏಪ್ರಿಲ್‌ನಿಂದ ಬರುತ್ತಿರುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಪಾಲು ಮಾತ್ರ. ಗಂಧಕ ತೆಗೆಯುವಾಗ ಡೀಸೆಲ್‌ನ ಜಾರುವ ಗುಣವೂ ಕಡಿಮೆಯಾಗುತ್ತದೆ. ನೂರಕ್ಕೆ ಎರಡು ಪಾಲು ಬಯೋಡೀಸೆಲ್ ಸೇರಿಸಿದರೂ ಆ ಗುಣ ವಾಪಸ್ ಬರುತ್ತದೆ.

ಹೊಸ ಕಾಮನ್ ರೈಲ್ ಗಾಡಿ, ಅಂದರೆ ಎಲ್ಲ ನಾಜಲ್‌ಗೂ ಒಂದೇ ಪೈಪಿನಿಂದ ಭಾರಿ ಒತ್ತಡದಲ್ಲಿ ಇಂಧನ ಹೋಗುವ ಗಾಡಿ, ಇಟ್ಟುಕೊಂಡವರು ಮನೆಯಲ್ಲಿ ಮಾಡಿದ ಯಾವುದನ್ನೂ ಹಾಕಬೇಡಿ. ಅಲ್ಲಿ ಒತ್ತಡ 1,600 ಬಾರ್ ದಾಟುತ್ತದೆ, ನಾಜಲ್ ರಂಧ್ರ ಕೂದಲಿಗಿಂತ ಸ್ವಲ್ಪವೇ ದಪ್ಪ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಗಾಡಿಗಳಲ್ಲಿ ಇನ್ನೊಂದು ತೊಡಕು. ಆ ಫಿಲ್ಟರ್ ಸುಟ್ಟು ಸ್ವಚ್ಛ ಮಾಡಲು ಕೆಲವು ಎಂಜಿನ್‌ಗಳು ಕೊನೆಯಲ್ಲಿ ಸ್ವಲ್ಪ ಹೆಚ್ಚು ಇಂಧನ ಸಿಂಪಡಿಸುತ್ತವೆ. ಡೀಸೆಲ್ ಆವಿಯಾಗಿ ಹೊರಗೆ ಹೋಗುತ್ತದೆ, ಬಯೋಡೀಸೆಲ್ ಗೋಡೆ ಹಿಡಿದು ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮಟ್ಟ ಏರಿರುತ್ತದೆ. ಆಯಿಲ್ ಜಾಸ್ತಿಯಾಯಿತು ಅಂತ ಖುಷಿಪಡಬೇಡಿ.

ಹಳೆ ಗಾಡಿಗೆ ಮೊದಲ ಸಲ ಬಯೋಡೀಸೆಲ್ ಹಾಕಿದಾಗ ಏನಾಗುತ್ತದೆ? ಗಾಡಿ ಮೊದಲಿಗಿಂತ ಮೆತ್ತಗೆ ಓಡುತ್ತದೆ. ಹೊಗೆ ಕಡಿಮೆಯಾಗುತ್ತದೆ. ಹಿಂದಿನಿಂದ ಬೋಂಡ ಅಂಗಡಿಯ ವಾಸನೆ ಬರುತ್ತದೆ, ಬೈಕಿನವರು ತಿರುಗಿ ನೋಡುತ್ತಾರೆ. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಯಾಕೆಂದರೆ ಒಂದು ಲೀಟರ್‌ನಲ್ಲಿ ಶಕ್ತಿ ಡೀಸೆಲ್‌ಗಿಂತ ನೂರಕ್ಕೆ ಎಂಟು ಹತ್ತರಷ್ಟು ಕಡಿಮೆ. ಎಲ್ಲ ಚೆನ್ನಾಗಿದೆ ಅಂದುಕೊಳ್ಳುವಾಗ, ಯಾವುದೋ ಘಾಟಿ ಏರುವಾಗ, ಪಿಕಪ್ ಹೋಗುತ್ತದೆ. ಎಂಜಿನ್ ಕೆಟ್ಟಿಲ್ಲ. ಬಯೋಡೀಸೆಲ್ ಒಳ್ಳೆಯ ಕರಗಿಸುವ ದ್ರವ. ಇಪ್ಪತ್ತು ವರ್ಷ ಟ್ಯಾಂಕ್ ತಳದಲ್ಲಿ ಕೂತಿದ್ದ ಡೀಸೆಲ್ ಗಸಿಯನ್ನೆಲ್ಲ ಎಬ್ಬಿಸಿ ತಂದು ಫಿಲ್ಟರ್‌ಗೆ ತುಂಬಿಸಿದೆ. ಹಾಗಾಗಿ ಮೊದಲ ತಿಂಗಳು ಡಿಕ್ಕಿಯಲ್ಲಿ ಒಂದೆರಡು ಫಿಲ್ಟರ್, ಅದಕ್ಕೆ ಬೇಕಾದ ಸ್ಪ್ಯಾನರ್ ಇರಲಿ. ಫಿಲ್ಟರ್ ಬದಲಾಯಿಸಿ, ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆಯುವುದನ್ನು ಮನೆಯಲ್ಲೇ ಒಮ್ಮೆ ಮಾಡಿ ನೋಡಿಕೊಳ್ಳಿ. ಚಾರ್ಮಾಡಿಯಲ್ಲಿ ಮಳೆಯಲ್ಲಿ ಕಲಿಯುವ ವಿದ್ಯೆ ಅಲ್ಲ ಅದು.

ಹಾಗೇ ರಬ್ಬರ್ ಪೈಪ್. ಹಳೆ ಗಾಡಿಯಲ್ಲಿರುವ ಮಾಮೂಲಿ ರಬ್ಬರ್ ಬಯೋಡೀಸೆಲ್‌ಗೆ ಉಬ್ಬಿ, ಮೆತ್ತಗಾಗಿ, ಸೋರಲು ಶುರುವಾಗುತ್ತದೆ. ವೈಟಾನ್ ಎಂಬ ಬೇರೆ ಜಾತಿಯ ರಬ್ಬರಿನ ಪೈಪ್ ಹಾಕಿಸಿ. ದುಬಾರಿ, ಆದರೆ ಬೇಕಾಗುವುದು ಒಂದೆರಡು ಮೀಟರ್ ಅಷ್ಟೇ. ಎಂಜಿನ್ ಆಯಿಲ್ ಬದಲಾಯಿಸುವ ಅಂತರ ಅರ್ಧಕ್ಕೆ ಇಳಿಸಿ. ತುಂಬಿಸುವಾಗ ಬಾಡಿ ಮೇಲೆ ಚೆಲ್ಲಿದರೆ ತಕ್ಷಣ ಒರೆಸಿ, ಪೇಂಟ್ ಎದ್ದು ಬರುತ್ತದೆ. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಇಡಬೇಡಿ, ಬೇಗ ಹಳಸುತ್ತದೆ. ಮಾಡಿದ್ದನ್ನು ಮೂರು ನಾಲ್ಕು ತಿಂಗಳಲ್ಲಿ ಮುಗಿಸಿ. ಇದು ಗಾಳಿಯ ತೇವ ಹೀರುತ್ತದೆ, ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕ್ ಬಿಟ್ಟರೆ ತಳದಲ್ಲಿ ನೀರು, ನೀರಿದ್ದ ಕಡೆ ಲೋಳೆ.

ಚಳಿ ನಮಗೇನು ಲೆಕ್ಕ ಅನ್ನಬೇಡಿ. ನಮ್ಮ ಹೋಟೆಲುಗಳು ಕರಿಯುವುದು ಹೆಚ್ಚಾಗಿ ಪಾಮ್ ಎಣ್ಣೆಯಲ್ಲಿ, ಅಂದರೆ ತಾಳೆ ಎಣ್ಣೆಯಲ್ಲಿ. ತಾಳೆ ಎಣ್ಣೆಯಿಂದ ಮಾಡಿದ ಬಯೋಡೀಸೆಲ್ 13ರಿಂದ 16 ಡಿಗ್ರಿಯಲ್ಲೇ ಮಸುಕಾಗಿ ಮೇಣದ ಕಣ ಕಟ್ಟಲು ಶುರು ಮಾಡುತ್ತದೆ. ಡಿಸೆಂಬರ್ ಬೆಳಗ್ಗೆ ಬೆಂಗಳೂರೇ ಅಷ್ಟಕ್ಕೆ ಇಳಿಯುತ್ತದೆ. ಮಡಿಕೇರಿ, ಚಿಕ್ಕಮಗಳೂರು ಇನ್ನೂ ಕೆಳಗೆ. ಆ ಕಾಲದಲ್ಲಿ ನೂರಕ್ಕೆ ಇಪ್ಪತ್ತರ ಮೇಲೆ ಬೆರೆಸಬೇಡಿ. ತೆಂಗಿನ ಎಣ್ಣೆಯಂತೂ 24 ಡಿಗ್ರಿಗೇ ಬಾಟಲಿಯಲ್ಲಿ ಹೆಪ್ಪುಗಟ್ಟುತ್ತದೆ, ನಿಮಗೆ ಗೊತ್ತಿದ್ದದ್ದೇ. ಆದರೂ ಬಿಸಿಲಿನ ನಾಡಿನಲ್ಲಿ ಅದೂ ಓಡಿಸಿದೆ. ಪಪುವಾ ನ್ಯೂಗಿನಿಯ ಬೂಗನ್‌ವಿಲ್ ದ್ವೀಪಕ್ಕೆ 1990ರ ದಶಕದಲ್ಲಿ ದಿಗ್ಬಂಧನ ಹಾಕಿ ಡೀಸೆಲ್ ಹೋಗದಂತೆ ಮಾಡಿದಾಗ, ಅಲ್ಲಿನ ಜನ ವರ್ಷಗಟ್ಟಲೆ ತೆಂಗಿನ ಎಣ್ಣೆಯಲ್ಲೇ ಜೀಪ್ ಓಡಿಸಿದರು. ಬೇರೆ ದಾರಿ ಇಲ್ಲದಾಗ ಎಂಜಿನ್ ಆಯುಸ್ಸಿನ ಲೆಕ್ಕ ಯಾರೂ ಹಾಕುವುದಿಲ್ಲ.

ದುಡ್ಡಿನ ಮಾತಿಗೆ ಬರೋಣ. ಹೊಸ ಅಡುಗೆ ಎಣ್ಣೆ ನಮ್ಮಲ್ಲಿ ಡೀಸೆಲ್‌ಗಿಂತ ದುಬಾರಿ. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಅದನ್ನು ಕಾರಿಗೆ ಸುರಿಯುವುದು ಹುಚ್ಚು. ಉಳಿಯುವುದು ಹೊಂಗೆಯಂಥ ತಿನ್ನದ ಎಣ್ಣೆ ಮತ್ತು ಕರಿದು ಬಿಟ್ಟ ಎಣ್ಣೆ. ಕರಿದ ಎಣ್ಣೆಗೆ 2018ರಿಂದ ಒಂದು ನಿಯಮ ಇದೆ. ಎಣ್ಣೆಯಲ್ಲಿ ಕೆಟ್ಟ ಅಂಶ, ಅವರ ಭಾಷೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ಸ್, ನೂರಕ್ಕೆ 25 ದಾಟಿದರೆ ಮತ್ತೆ ಕರಿಯುವಂತಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದೆ. ಅದೇ ವರ್ಷ ಆ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡುವವರಿಗೆ ಕೊಡುವ ರೂಕೊ ಕಾರ್ಯಕ್ರಮವನ್ನೂ ಶುರು ಮಾಡಿತು. ಇದರಿಂದ ಆದ ಒಂದು ಪರಿಣಾಮ ಅಂದರೆ ಕರಿದ ಎಣ್ಣೆಗೂ ಬೆಲೆ ಬಂತು. ಹೋಟೆಲಿನವರು ಡಬ್ಬ ಖಾಲಿ ಮಾಡಿಕೊಂಡು ಹೋಗಿ ಸಾಕು ಅನ್ನುತ್ತಿದ್ದ ಕಾಲ ಮುಗಿಯಿತು. ನನಗೆ ಇದರಲ್ಲಿ ಬೇಜಾರಿಲ್ಲ. ಆ ಎಣ್ಣೆ ಮೊದಲು ದೊಡ್ಡ ಹೋಟೆಲಿನಿಂದ ಸಣ್ಣ ಅಂಗಡಿಗೆ, ಅಲ್ಲಿಂದ ಗಾಡಿ ಅಂಗಡಿಗೆ ಇಳಿಯುತ್ತಿತ್ತು. ನಮ್ಮ ಹೊಟ್ಟೆಗೆ ಹೋಗುವುದಕ್ಕಿಂತ ಎಂಜಿನ್‌ಗೆ ಹೋಗುವುದು ಒಳ್ಳೆಯದು ಅಲ್ವಾ?

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. 2002ರಲ್ಲಿ ವೇಲ್ಸ್‌ನ ಲನೆಲ್ಲಿ ಸುತ್ತಮುತ್ತ ಜನ ಸೂಪರ್ ಮಾರ್ಕೆಟ್‌ನಿಂದ ಅಡುಗೆ ಎಣ್ಣೆ ಕೊಂಡು ಕಾರಿಗೆ ಹಾಕಲು ಶುರು ಮಾಡಿದರು. ಅಲ್ಲಿ ಡೀಸೆಲ್ ಮೇಲಿನ ತೆರಿಗೆ ಎಷ್ಟಿತ್ತೆಂದರೆ ಅಡುಗೆ ಎಣ್ಣೆಯೇ ಅಗ್ಗ. ಪೊಲೀಸರು ರಸ್ತೆಯಲ್ಲಿ ಗಾಡಿ ನಿಲ್ಲಿಸಿ ತಪಾಸಣೆ ಮಾಡಿದರು. ತಪ್ಪು ಎಣ್ಣೆ ಹಾಕಿದ್ದಲ್ಲ, ಇಂಧನದ ತೆರಿಗೆ ಕಟ್ಟದ್ದು. 2007ರಿಂದ ಬ್ರಿಟನ್ನಿನಲ್ಲಿ ವರ್ಷಕ್ಕೆ 2,500 ಲೀಟರ್ ತನಕ ಸ್ವಂತಕ್ಕೆ ಮಾಡಿಕೊಂಡರೆ ತೆರಿಗೆ ಇಲ್ಲ. ಜರ್ಮನಿಯಲ್ಲಿ ತೆರಿಗೆ ವಿನಾಯಿತಿ ಇದ್ದಷ್ಟು ದಿನ ಬಂಕ್ ಬಂಕ್‌ನಲ್ಲೂ ಸಾಸಿವೆ ಜಾತಿಯ ರೇಪ್‌ಸೀಡ್ ಬಯೋಡೀಸೆಲ್ ಸಿಗುತ್ತಿತ್ತು. 2006ರಲ್ಲಿ ತೆರಿಗೆ ಬಂತು, ಆಮೇಲೆ ಆ ಬಂಕ್‌ಗಳು ಒಂದೊಂದಾಗಿ ಮುಚ್ಚಿದವು. ನಮ್ಮಲ್ಲಿ ಬಯೋಡೀಸೆಲ್‌ಗೆ ಐಎಸ್ 15607 ಅಂತ ಗುಣಮಟ್ಟ ಇದೆ. 2018ರ ರಾಷ್ಟ್ರೀಯ ನೀತಿಯಲ್ಲಿ 2030ರೊಳಗೆ ಡೀಸೆಲ್‌ಗೆ ನೂರಕ್ಕೆ 5ರಷ್ಟು ಬೆರೆಸುವ ಗುರಿ ಇದೆ. ನಿಮ್ಮ ಆರ್‌ಸಿಯಲ್ಲಿ ಇಂಧನ ಡೀಸೆಲ್ ಅಂತಿರುತ್ತದೆ. ಎರಡು ಟ್ಯಾಂಕ್ ಹಾಕಿಸುವವರು ಆರ್‌ಟಿಒಗೂ ವಿಮೆಯವರಿಗೂ ಮೊದಲೇ ಕೇಳಿ. ಬಂಕ್ ಅಲ್ಲದ ಕಡೆ 'ಬಯೋಡೀಸೆಲ್' ಬೋರ್ಡ್ ಹಾಕಿಕೊಂಡು ಅಗ್ಗಕ್ಕೆ ಮಾರುವ ಕಡೆ ತುಂಬಾ ಹುಷಾರು. ಆ ಹೆಸರಿನಲ್ಲಿ ಏನೇನೋ ಬೆರೆಸಿ ಮಾರಿ ಸಿಕ್ಕಿಬಿದ್ದವರು ಇದ್ದಾರೆ. 27ಕ್ಕೆ 3ರ ಪರೀಕ್ಷೆಯಲ್ಲಿ ಹಸಿ ಎಣ್ಣೆ ಗೊತ್ತಾಗುತ್ತದೆ, ಸೀಮೆಎಣ್ಣೆ ಥರದ್ದು ಬೆರೆಸಿದ್ದರೆ ಅದು ಹೇಳುವುದಿಲ್ಲ.

ಕೊನೆಗೆ ಎಲ್ಲ ಕಡೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, ತಳದಲ್ಲಿ ಉಳಿದ ಗ್ಲಿಸರಿನ್ ಏನು ಮಾಡುವುದು, ಔಷಧಿ ಅಂಗಡಿಯಲ್ಲಿ ಮಾರಬಹುದಾ ಅಂತ. ಆಗುವುದಿಲ್ಲ. ಅದು ಕಂದು ಬಣ್ಣದ ಗಸಿ. ಅದರಲ್ಲಿ ಸಾಬೂನು, ಕಾಸ್ಟಿಕ್ ಸೋಡ ಮತ್ತು ಉಳಿದ ಮೆಥನಾಲ್ ಎಲ್ಲ ಇರುತ್ತದೆ. ದೊಡ್ಡ ಘಟಕಗಳಲ್ಲಿ ಆ ಮೆಥನಾಲನ್ನು ಭಟ್ಟಿ ಇಳಿಸಿ ಮತ್ತೆ ಬಳಸುತ್ತಾರೆ, ಮಿಕ್ಕದ್ದು ಶುದ್ಧ ಮಾಡುವವರಿಗೆ ಹೋಗುತ್ತದೆ. ಲ್ಯಾಬ್‌ನಲ್ಲಿ ಒಂದೆರಡು ಲೀಟರ್ ಮಾಡಿದವರು ಅಷ್ಟನ್ನು ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಹೆಸರು ಬರೆದಿಟ್ಟು, ಲ್ಯಾಬ್‌ನ ಬೇರೆ ರಾಸಾಯನಿಕ ಕಸದ ಜೊತೆ ಕೊಡಿ. ಚರಂಡಿಗೆ ಸುರಿಯಬೇಡಿ. ಸಿಹಿಯಾಗಿರುತ್ತದೆ ಅಂತ ದನದ ಬೂಸಾಕ್ಕೆ ಬೆರೆಸುವ ಯೋಚನೆಯನ್ನಂತೂ ಮಾಡಲೇಬೇಡಿ.